ಶ್ರೀರಂಗಪಟ್ಟಣದ ಉಗ್ರಾಣಗಳ ಲೆಕ್ಕ: ಕ್ರಿ.ಶ. 1799

ಕ್ರಿ.ಶ. 1799ನೆಯ ಇಸವಿ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದು ಟಿಪ್ಪು ಸುಲ್ತಾನನು ಮಡಿದ ವೃತ್ತಾಂತವು ಎಲ್ಲರಿಗೂ ವಿದಿತವಾದುದು. ಆದರೆ ಆತನ ಖಜಾನೆ, ಆಯುಧಶಾಲೆ, ಗ್ರಂಥಭಂಡಾರ, ದನಗಳ ಹಿಂಡು ಇವೆಲ್ಲ ಯಾರ ಕೈ ಸೇರಿದುವು, ಅವುಗಳ ಲೆಕ್ಕವನ್ನು ಗೆದ್ದವರು ಯಾವ ಉದ್ದೇಶದಿಂದ ಬರೆದರು ಎಂಬುದನ್ನು ಪಠ್ಯಪುಸ್ತಕಗಳು ಹೇಳುವುದಿಲ್ಲ. ಅದನ್ನು ಇಲ್ಲಿ ಸಂಕ್ಷೇಪವಾಗಿ ಪರಿಶೀಲಿಸಲು ಯತ್ನಿಸುತ್ತೇವೆ.

ಮುತ್ತಿಗೆ ಹಾಕಿದವರ ಲೆಕ್ಕವೇ ಮೊದಲು ತಪ್ಪಿದ್ದಿತೆಂಬುದು ಗಮನಾರ್ಹ. ಏಪ್ರಿಲ್ 16ರಂದು ಜನರಲ್ ಹ್ಯಾರಿಸನ ಪಾಳೆಯದಲ್ಲಿ ಅಕ್ಕಿಯನ್ನು ಅಳೆದು ನೋಡಲಾಗಿ, ಯೋಧರಿಗೆ ಅರ್ಧ ಪಡಿಯಂತೆ ಕೊಟ್ಟರೂ ಹದಿನೆಂಟು ದಿನಗಳಿಗೆ ಮಾತ್ರ ಸಾಲುವಷ್ಟಿತ್ತು. ಕೋಟೆಯನ್ನು ಬೇಗನೆ ಹತ್ತಲೇಬೇಕಾದ ಒತ್ತಡಕ್ಕೆ ಇದೂ ಒಂದು ಕಾರಣ. ಹಸಿದ ಸೈನ್ಯವೊಂದು ಸಂಪತ್ತಿನಿಂದ ತುಂಬಿದ ಪಟ್ಟಣವನ್ನು ಹೊಕ್ಕಿತೆಂಬುದನ್ನು ನೆನಪಿನಲ್ಲಿಟ್ಟರೆ ಮುಂದಿನದು ತಿಳಿಯುತ್ತದೆ.

ಆ ರಾತ್ರಿ ಲೂಟಿಯಾಗದೆ ಉಳಿದ ಮನೆಗಳು ವಿರಳ. ಸಿಪಾಯಿಗಳೂ ಗೋರರೂ ಪಾಳೆಯದ ಬಾಜಾರಿನಲ್ಲಿ ರತ್ನಗಳನ್ನೂ ಚಿನ್ನದ ಗಟ್ಟಿಗಳನ್ನೂ ಮಾರಾಟಕ್ಕಿಟ್ಟರೆಂದು ಕರ್ನಲ್ ಆರ್ಥರ್ ವೆಲ್ಲೆಸ್ಲಿಯೇ ತನ್ನ ಅಣ್ಣ ಗವರ್ನರ್ ಜನರಲ್ ಮಾರ್ನಿಂಗ್ಟನ್ನನಿಗೆ ಬರೆದನು. ಮರುದಿನ ಪಟ್ಟಣದ ಅಧಿಕಾರ ವಹಿಸಿಕೊಂಡ ಆತನು ನಾಲ್ವರನ್ನು ಗಲ್ಲಿಗೇರಿಸಿ, ಹಲವರಿಗೆ ಛಡಿಯೇಟು ಕೊಡಿಸಿ ಶಾಂತಿಯನ್ನು ನೆಲೆಗೊಳಿಸಿದನು. ಲೆಕ್ಕದ ಪುಸ್ತಕವು ತೆರೆದುದು ಇದಾದ ಮೇಲೆ; ಆ ರಾತ್ರಿ ಹೋದದ್ದು ಯಾವ ಪಟ್ಟಿಯಲ್ಲಿಯೂ ಸೇರಲಿಲ್ಲ.

ಲೆಕ್ಕ ಬರೆದವರು ಯಾರು? ಸೈನ್ಯದ ಅಧಿಕಾರಿಗಳಿಂದಲೇ ನೇಮಕವಾದ ಕೊಳ್ಳೆಯ ಮುತಾಲಿಕರು. ವಶವಾದ ಸೊತ್ತನ್ನು ಬೆಲೆಕಟ್ಟಿ, ಹರಾಜು ಮಾಡಿ, ದರ್ಜೆಗೆ ತಕ್ಕಂತೆ ಹಂಚುವುದು ಅವರ ಕೆಲಸ. ಕೋಟೆಯಲ್ಲಿ 929 ಫಿರಂಗಿಗಳು, ಸುಮಾರು 99,000 ಬಂದೂಕುಗಳು ಎಣಿಕೆಗೆ ಸಿಕ್ಕವು. ಹಣ, ಆಭರಣಗಳ ಮೌಲ್ಯ ಹತ್ತು ಲಕ್ಷ ಪೌಂಡುಗಳನ್ನು ಮೀರಿತು. ಹ್ಯಾರಿಸನು ಎಂಟನೆಯ ಒಂದು ಪಾಲನ್ನು ತೆಗೆದುಕೊಂಡನು. ಇದು ಹೆಚ್ಚಾಯಿತೆಂದು ಕಂಪೆನಿಯವರು ಹೂಡಿದ ವ್ಯಾಜ್ಯವು ಪ್ರಿವಿ ಕೌನ್ಸಿಲಿನವರೆಗೆ ಹೋಗಿ ಆತನ ಪರವಾಗಿಯೇ ತೀರಿತು. ಮಾರ್ನಿಂಗ್ಟನ್ನನು ತನಗೆ ನೀಡಬಂದ ಒಂದು ಲಕ್ಷ ಪೌಂಡುಗಳನ್ನು ನಿರಾಕರಿಸಿದನೆಂಬುದನ್ನೂ ಹೇಳತಕ್ಕದ್ದೇ.

ಪಾಲಿಗೋಸ್ಕರ ಬರೆದ ಲೆಕ್ಕವು ಪಾಲಾಗದ ವಸ್ತುವನ್ನು ಸಹಿಸುವುದಿಲ್ಲ. ಹುಲಿಯ ತಲೆಯ ಸುವರ್ಣಸಿಂಹಾಸನದ ಗತಿಯೇ ಇದಕ್ಕೆ ಸಾಕ್ಷಿ. ಅದೊಂದಿದೆಯೆಂಬ ವರ್ತಮಾನ ಗವರ್ನರ್ ಜನರಲ್ಲನಿಗೆ ತಲಪುವ ಮೊದಲೇ ಮುತಾಲಿಕರು ಅದನ್ನು ತುಂಡುತುಂಡಾಗಿ ಒಡೆಸಿದ್ದರು. ಆತನು ಬಹಳ ವ್ಯಥೆಪಟ್ಟನು. ಹುಲಿಯ ತಲೆಯೂ ಹುಮಾ ಪಕ್ಷಿಯೂ ಇಂದು ಇಂಗ್ಲೆಂಡಿನ ರಾಜಮನೆತನದ ಸಂಗ್ರಹದಲ್ಲಿವೆ. ಸುಲ್ತಾನನ ಉಡುಪುಗಳನ್ನು ಹರಾಜಿಗೆ ತರಹೊರಟಾಗ ವೆಲ್ಲೆಸ್ಲಿಯು ಆಕ್ಷೇಪಿಸಿದುದು ಬೇರೊಂದು ಕಾರಣಕ್ಕೆ: ಅತೃಪ್ತರಾದವರು ಅವನ್ನು ಪವಿತ್ರಾವಶೇಷಗಳೆಂದು ಕೊಂಡಾರೆಂಬ ಭಯ. ಗ್ರಂಥಭಂಡಾರದ ಸುಮಾರು ಎರಡು ಸಾವಿರ ಹಸ್ತಪ್ರತಿಗಳು ಮಾತ್ರ ಕಂಪೆನಿಗೆ ಸಂದುವು. 1809ರಲ್ಲಿ ಚಾರ್ಲ್ಸ್ ಸ್ಟೂವರ್ಟನು ಅವುಗಳ ವಿವರಣಾತ್ಮಕ ಸೂಚಿಯನ್ನು ಪ್ರಕಟಿಸಿದನು. ಅವುಗಳಲ್ಲಿ ಅನೇಕವು ಮೊದಲು ಸವಣೂರು, ಕಡಪಾ ಮೊದಲಾದೆಡೆಗಳಿಂದ ಕೊಳ್ಳೆಯಾಗಿಯೇ ಬಂದವೆಂದು ಆತನೇ ತಿಳಿಸುತ್ತಾನೆ. ಸೊತ್ತಿನ ಒಡೆತನವನ್ನು ಕುರಿತು ತೀರ್ಪು ಕೊಡುವವರು ಇದನ್ನೂ ಗಮನಿಸಬೇಕು.

ನಮ್ಮ ಅಭಿಪ್ರಾಯದಲ್ಲಿ ಅತ್ಯಂತ ಕಠಿನವಾದ ಲೆಕ್ಕವೆಂದರೆ ಅಮೃತಮಹಲಿನದು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆಚಾವಡಿಯನ್ನು ಹೈದರನು ಬೆಳೆಸಿದನು. ಟಿಪ್ಪುವು ಅದಕ್ಕೆ ಅಮೃತಮಹಲೆಂಬ ಹೆಸರಿಟ್ಟು ಹುಕುಂನಾಮೆಯ ಮೂಲಕ ಕಟ್ಟುನಿಟ್ಟು ಮಾಡಿದನು. ಫಿರಂಗಿಯನ್ನು ಎಣಿಸಿ ಬೀಗ ಹಾಕಿದರೆ ಅದು ಹಾಗೆಯೇ ಉಳಿಯುತ್ತದೆ; ಎತ್ತಿನ ಮಂದೆಗೆ ಕಾವಲು ಬೇಕು, ತಳಿಯನ್ನು ಬಲ್ಲ ಸೇರ್ವೆಗಾರನೂ ಬೇಕು. ಸೈನ್ಯಕ್ಕೆ ಎತ್ತುಗಳನ್ನು ಒದಗಿಸಬೇಕೆಂಬ ಷರತ್ತಿನ ಮೇಲೆ ಈ ಹಿಂಡುಗಳನ್ನು ಮೈಸೂರಿನ ಅರಸರ ಆಡಳಿತಕ್ಕೆ ಒಪ್ಪಿಸಲಾಯಿತು. 1803ರ ಮರಾಠಾ ಯುದ್ಧದಲ್ಲಿ ವೆಲ್ಲೆಸ್ಲಿಗೆ ಈ ತಳಿಯ ಎತ್ತುಗಳಿಂದ ಒದಗಿದ ನೆರವು ಅಲ್ಪವಲ್ಲ. ಆದರೂ ಕೆಲವೇ ವರ್ಷಗಳಲ್ಲಿ ಹಿಂಡುಗಳು ಕ್ಷೀಣಿಸಿದುವು. 1813ರಲ್ಲಿ ಮದರಾಸಿನ ಸೈನ್ಯಸರಬರಾಜು ಇಲಾಖೆಯ ಕ್ಯಾಪ್ಟನ್ ಹಾರ್ವೆಯು ಅವುಗಳ ಮೇಲ್ವಿಚಾರಣೆಯನ್ನು ವಹಿಸಿಕೊಂಡು, ಉಳಿದ ಹಸುಗಳಿಂದ ತಳಿಯನ್ನು ಮತ್ತೆ ಕಟ್ಟಲಾರಂಭಿಸಿದನು.