ಆಧುನಿಕ ಬ್ರಿಟಿಷ್ ರಂಗಭೂಮಿ: ಅಪ್ಪಣೆಯಿಂದ ಬಿಡುಗಡೆಯವರೆಗೆ

ಲಂಡನ್ನಿನ ನಾಟಕಗಳ ದಿಟ್ಟತನವನ್ನು ಮೆಚ್ಚುವ ನಾವು ಅದರ ಹಿಂದಿನ ದೀರ್ಘ ಹೋರಾಟವನ್ನು ಮರೆಯುವುದುಂಟು. 1737ರ ಕಾಯಿದೆಯಂತೆ ಹೊಸ ನಾಟಕವನ್ನು ಸಾರ್ವಜನಿಕವಾಗಿ ಆಡಲು ಅರಮನೆಯ ಅಧಿಕಾರಿ ಲಾರ್ಡ್ ಚೇಂಬರ್ಲೇನರ ಅಪ್ಪಣೆ ಬೇಕಿತ್ತು. ವೇಶ್ಯಾವೃತ್ತಿಗೆ ಬಡತನವೇ ಕಾರಣವೆಂದು ಸಾರಿದ ಬರ್ನಾರ್ಡ್ ಷಾ ಅವರ ‘ಮಿಸೆಸ್ ವಾರೆನ್ಸ್ ಪ್ರೊಫೆಷನ್’ 1893ರಲ್ಲಿ ರಚಿತವಾದರೂ, ಲಂಡನ್ನಿನಲ್ಲಿ ಸಾರ್ವಜನಿಕ ಪ್ರದರ್ಶನ ಕಂಡದ್ದು 1925ರಲ್ಲಿ.

1956ರಲ್ಲಿ ರಾಯಲ್ ಕೋರ್ಟ್ ರಂಗಮಂದಿರದಲ್ಲಿ ಜಾನ್ ಆಸ್ಬಾರ್ನರ ‘ಲುಕ್ ಬ್ಯಾಕ್ ಇನ್ ಆಂಗರ್’ ಬಾಡಿಗೆ ಕೋಣೆಯ ಯುವಕನ ಸಿಟ್ಟಿಗೆ ದನಿಯಾಯಿತು. 1965ರಲ್ಲಿ ಅದೇ ರಂಗಮಂದಿರ ಎಡ್ವರ್ಡ್ ಬಾಂಡರ ‘ಸೇವ್ಡ್’ ನಾಟಕಕ್ಕೆ ಕತ್ತರಿ ಹಾಕಲೊಪ್ಪದೆ, ಸದಸ್ಯರಿಗಷ್ಟೇ ಎಂದು ಆಡಿಸಿತು, ಮೊಕದ್ದಮೆಯಲ್ಲಿ ಸೋತಿತು. ಆದರೆ 1968ರ ಕಾಯಿದೆ ಅಪ್ಪಣೆಯ ಪದ್ಧತಿಯನ್ನೇ ರದ್ದುಗೊಳಿಸಿತು.

ಬ್ರಿಟಿಷ್ ಸರ್ಕಾರ 1876ರಲ್ಲಿ ಭಾರತದ ನಾಟಕಗಳಿಗೂ ಕಾಯಿದೆಯ ಕಡಿವಾಣ ತೊಡಿಸಿದ್ದನ್ನು ನೆನೆದರೆ, ಈ ಕಥೆ ನಮಗೂ ದೂರದ್ದಲ್ಲ.