ಆಳಂದ, ಅಫಜಲಪುರ, ಜೇವರ್ಗಿಗೆ ಯಾವ ಪರೀಕ್ಷೆ? ತೀವ್ರ ಮನೋರೋಗ ಸಂಶೋಧನೆಯಲ್ಲಿ ಅರಿವಿನ ಅಳತೆ

ಸ್ಕಿಜೋಫ್ರೇನಿಯಾ, ಬೈಪೋಲಾರ್‌ನಂಥ ತೀವ್ರ ಮನೋರೋಗಗಳಲ್ಲಿ ಹೊರಗಿನವರ ಕಣ್ಣಿಗೆ ಬೀಳುವುದು ವಿಪರೀತ ಸಂಶಯ, ಕಿವಿಯಲ್ಲಿ ಕೇಳುವ ದನಿಗಳು, ಎಲ್ಲೆ ಮೀರಿದ ಉತ್ಸಾಹ. ಔಷಧಕ್ಕೆ ಇವು ಬಹುಮಟ್ಟಿಗೆ ಬಗ್ಗುತ್ತವೆ. ಹೇಳಿದ್ದನ್ನು ನೆನಪಿಟ್ಟುಕೊಳ್ಳುವುದು, ಒಂದೇ ಕೆಲಸದಲ್ಲಿ ಮನಸ್ಸು ನಿಲ್ಲಿಸುವುದು, ಮುಂದಿನ ಹೆಜ್ಜೆ ಯೋಚಿಸುವುದು ಮಾತ್ರ ಹಲವರಲ್ಲಿ ಮಂದವಾಗಿಯೇ ಉಳಿಯುತ್ತವೆ. ರೋಗಿ ಮತ್ತೆ ಹೊಲಕ್ಕೋ ಅಂಗಡಿಗೋ ಮರಳುವುದು ಈ ಸಾಮರ್ಥ್ಯಗಳನ್ನು ಬಹಳವಾಗಿ ಅವಲಂಬಿಸಿದೆ. ಅವನ್ನು ಯಾವ ಪರೀಕ್ಷೆಯಿಂದ ಅಳೆಯಬೇಕು ಎಂಬ ಪ್ರಶ್ನೆಗೆ ನೂರು ವರ್ಷಕ್ಕೂ ಮೀರಿದ ಇತಿಹಾಸವಿದೆ.

ಸ್ಕಿಜೋಫ್ರೇನಿಯಾವನ್ನು ‘ಎಳೆಹರೆಯದ ಬುದ್ಧಿಮಾಂದ್ಯ’ ಎಂದು ವರ್ಗೀಕರಿಸಿದ ಜರ್ಮನಿಯ ಎಮಿಲ್ ಕ್ರೇಪೆಲಿನ್, ವುಂಟ್ ಅವರ ಮನೋವಿಜ್ಞಾನ ಪ್ರಯೋಗಶಾಲೆಯಲ್ಲಿ ಪಳಗಿದವರು. ಅಂಕಿಗಳನ್ನು ಬಿಡದೆ ಕೂಡಿಸುತ್ತ ಹೋಗುವ ಲೆಕ್ಕದಿಂದ ಮನಸ್ಸಿನ ದಣಿವನ್ನು ಅಳೆದವರು. ಆಮೇಲೆ ಬಂದ ಪರೀಕ್ಷೆಗಳು ಬೇರೆ ಬೇರೆ ಉದ್ದೇಶಕ್ಕೆ ಹುಟ್ಟಿದವು. 1935ರ, ಬಣ್ಣದ ಹೆಸರುಗಳ ಸ್ಟ್ರೂಪ್ ಪರೀಕ್ಷೆ ಪ್ರಯೋಗಶಾಲೆಯದು, 1938ರ ರೇವನ್ ಚಿತ್ರಮಾಲಿಕೆ ಬುದ್ಧಿಶಕ್ತಿಯ ಅಳತೆ, ಅಂಕಿ-ಅಕ್ಷರಗಳನ್ನು ಗೆರೆಯಿಂದ ಜೋಡಿಸುವ ಟ್ರೇಲ್ ಮೇಕಿಂಗ್ 1944ರ ಅಮೆರಿಕನ್ ಸೇನೆಯ ಪರೀಕ್ಷೆಯಿಂದ ಬಂದದ್ದು. ಕೈಗೆ ಸಿಕ್ಕಿದ್ದನ್ನು ಬಳಸಿದ ಸಂಶೋಧಕರ ಫಲಿತಾಂಶಗಳು ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. 1996ರಲ್ಲಿ ಮೈಕೆಲ್ ಗ್ರೀನ್ ಅರಿವಿನ ಕೊರತೆಗೂ ದಿನನಿತ್ಯದ ಬದುಕಿಗೂ ಇರುವ ನಂಟನ್ನು ಒಟ್ಟುಗೂಡಿಸಿ ತೋರಿಸಿದರು. 1998ರಲ್ಲಿ ಹೈನ್ರಿಕ್ಸ್ ಮತ್ತು ಜಕ್ಜಾನಿಸ್ 204 ಅಧ್ಯಯನಗಳನ್ನು ಒಗ್ಗೂಡಿಸಿದಾಗ ಮಾತಿನ ಮೂಲಕ ಕಲಿತದ್ದರ ನೆನಪಿನಲ್ಲಿ ಕೊರತೆ ಎದ್ದು ಕಂಡಿತು.

ಔಷಧಗಳನ್ನು ಒಂದೇ ಅಳತೆಗೋಲಿನಿಂದ ಪರೀಕ್ಷಿಸಲೆಂದು ಅಮೆರಿಕದ ಮ್ಯಾಟ್ರಿಕ್ಸ್ ಯೋಜನೆ ಹುಟ್ಟಿತು. ಅದರ ಮುಂದೆ ಬಂದ 90ಕ್ಕೂ ಹೆಚ್ಚು ಪರೀಕ್ಷೆಗಳು ಸೋಸಿ ಸೋಸಿ ಕೊನೆಗೆ 10 ಉಳಿದವು. ಮತ್ತೆ ಮಾಡಿದಾಗ ಅದೇ ಅಂಕ ಬರಬೇಕು, ಮರುಪ್ರಯತ್ನದಿಂದಲೇ ಅಂಕ ಏರಬಾರದು, ಬದುಕಿನ ಕೆಲಸಗಳೊಂದಿಗೆ ನಂಟಿರಬೇಕು, ರೋಗಿಗೂ ಪರೀಕ್ಷಕನಿಗೂ ಸಹಿಸಲಾಗಬೇಕು ಎಂಬವು ಆಯ್ಕೆಯ ಸೂತ್ರಗಳು. 2008ರಲ್ಲಿ ಪ್ರಕಟವಾದ ಈ ಸಂಚಯಕ್ಕೆ ಸುಮಾರು ಒಂದು ಗಂಟೆ ಬೇಕು. ಇದಕ್ಕೂ ಮೊದಲೇ, 2004ರಲ್ಲಿ, ರಿಚರ್ಡ್ ಕೀಫ್ ಅವರ ತಂಡ ಸುಮಾರು ಅರ್ಧ ಗಂಟೆಯ ಬ್ಯಾಕ್ಸ್ ಎಂಬ ಸಂಚಯ ತಂದಿತ್ತು. ಮ್ಯಾಟ್ರಿಕ್ಸ್‌ನ ಸೂತ್ರಗಳು ಒಪ್ಪುವಂಥವೇ. ಆದರೆ ಕಾಗದ-ಪೆನ್ಸಿಲು ಹಿಡಿದು ಬೆಳೆದವರನ್ನೇ ಮನಸ್ಸಿನಲ್ಲಿಟ್ಟುಕೊಂಡ ಸೂತ್ರಗಳು ಅವು.

ಕನ್ನಡದಲ್ಲಿ ಮನಸ್ಸಿನ ಅಳತೆಯ ಬೇರು ಹಳೆಯದು. ಲಂಡನ್ನಿನಲ್ಲಿ ಮನೋವಿಜ್ಞಾನಿ ಸ್ಪಿಯರ್‌ಮನ್ ಬಳಿ ಓದಿದ ಎಂ.ವಿ. ಗೋಪಾಲಸ್ವಾಮಿ 1924ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನೋವಿಜ್ಞಾನ ವಿಭಾಗ ಕಟ್ಟಿದರು. ವಿ.ವಿ. ಕಾಮತರು 1934ರಲ್ಲಿ ಬಿನೆ ಬುದ್ಧಿಮಾಪನವನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿದರು. ಕಲಬುರಗಿ ಜಿಲ್ಲೆಯ ಆಳಂದದಂಥ ಗಡಿ ತಾಲ್ಲೂಕಿಗೆ ಈ ಎರಡು ಭಾಷೆಗಳ ಜೋಡಿ ಇವತ್ತಿಗೂ ತಕ್ಕದ್ದು. ವಯಸ್ಕ ರೋಗಿಗಳ ಪಾಲಿಗೆ ದೊಡ್ಡ ಹೆಜ್ಜೆ ಬೆಂಗಳೂರಿನ ನಿಮ್ಹಾನ್ಸ್‌ನದು. ಶೋಭಿನಿ ರಾವ್, ಡಿ.ಕೆ. ಸುಬ್ಬಕೃಷ್ಣ, ಕೆ. ಗೋಪುಕುಮಾರ್ 2004ರಲ್ಲಿ ಹೊರತಂದ ನರಮನೋವೈಜ್ಞಾನಿಕ ಸಂಚಯದಲ್ಲಿ 16ರಿಂದ 65 ವರ್ಷದ 540 ಆರೋಗ್ಯವಂತರ ಅಂಕಗಳನ್ನು ವಯಸ್ಸು, ಲಿಂಗ ಮತ್ತು ಓದಿಗೆ ತಕ್ಕಂತೆ ವಿಂಗಡಿಸಲಾಗಿದೆ. ಓದಿನ ಗುಂಪು ಮೂರು: ಅನಕ್ಷರಸ್ಥರು, ಶಾಲೆ ಕಲಿತವರು, ಕಾಲೇಜು ಕಲಿತವರು. ಶಾಲೆ ಕಾಣದವರಿಗೂ ಹೋಲಿಕೆಯ ಗುಂಪು ಒದಗಿಸಿದ್ದು ಇದರ ಬೆಲೆಯುಳ್ಳ ಕೊಡುಗೆ.

ಕಲಬುರಗಿ ಜಿಲ್ಲೆಯಲ್ಲಿ 2011ರ ಜನಗಣತಿಯ ಪ್ರಕಾರ ಸಾಕ್ಷರತೆ ಶೇ. 65ರ ಆಸುಪಾಸು, ಹೆಂಗಸರಲ್ಲಿ ಶೇ. 55. ಆಳಂದ, ಅಫಜಲಪುರ, ಜೇವರ್ಗಿಯ ಹಳ್ಳಿಗಳಲ್ಲಿ ಕನ್ನಡದ ಜೊತೆ ಉರ್ದು, ಮರಾಠಿ, ತಾಂಡಾಗಳ ಲಂಬಾಣಿ ಬೆರೆತಿವೆ. ಅಫಜಲಪುರ ತಾಲ್ಲೂಕಿನ ಗಾಣಗಾಪುರದ ದತ್ತಾತ್ರೇಯ ಸನ್ನಿಧಿಗೆ ಮನಸ್ಸು ಕೆಟ್ಟವರನ್ನು ಕರೆತರುವ ರೂಢಿ ಬಹುಕಾಲದ್ದು. ಅವರಲ್ಲಿ ಮಹಾರಾಷ್ಟ್ರದವರೂ ಇರುವುದರಿಂದ ಅಲ್ಲಿ ಆಯ್ದ ಮಾದರಿ ತಾಲ್ಲೂಕಿನ ಮಾದರಿ ಆಗಲಾರದು. ಇಂಥ ನೆಲದಲ್ಲಿ ಬೆಂಗಳೂರಿನ ಅಂಕಗಳನ್ನು ಕಣ್ಮುಚ್ಚಿ ಬಳಸಿದರೆ ಪರೀಕ್ಷೆ ಅಳೆಯುವುದು ರೋಗಕ್ಕಿಂತ ಹೆಚ್ಚಾಗಿ ಶಾಲೆಯನ್ನು.

ಒಂದೊಂದು ಪರೀಕ್ಷೆಯನ್ನೂ ಹತ್ತಿರದಿಂದ ನೋಡಬೇಕು. ಅಂಕಿಗೆ ಚಿಹ್ನೆ ಬರೆಯುವ ಪರೀಕ್ಷೆಯಲ್ಲಿ ಪೆನ್ಸಿಲು ಹಿಡಿದು ಅಭ್ಯಾಸವಿಲ್ಲದ ಕೂಲಿಕಾರ್ತಿ ನಿಧಾನವಾದರೆ ಅದು ಮಿದುಳಿನ ನಿಧಾನವೆನ್ನಲಾಗದು. ಅಕ್ಷರದ ಬದಲು ಬಣ್ಣ ಬಳಸುವ ಕಲರ್ ಟ್ರೇಲ್ಸ್ ಕೊಂಚ ವಾಸಿ, ಆದರೆ ಅಂಕಿಯ ಗುರುತು ಅದಕ್ಕೂ ಬೇಕು. ಅಂಕಿ ಕೇಳಿ ಹಿಂದಿರುಗಿಸುವ ಪರೀಕ್ಷೆಯಲ್ಲಿ ಭಾಷೆಯೇ ಕೈಯಾಡಿಸುತ್ತದೆ: ಕನ್ನಡದಲ್ಲಿ ಒಂದರಿಂದ ಒಂಬತ್ತರವರೆಗಿನ ಪ್ರತಿ ಹೆಸರಿಗೂ ಎರಡು-ಮೂರು ಅಕ್ಷರ, ಇಂಗ್ಲಿಷಿನಲ್ಲಿ ಹೆಚ್ಚಿನವಕ್ಕೆ ಒಂದೇ ಉಚ್ಚಾರ. ಹೆಸರು ಉದ್ದವಾದಷ್ಟೂ ನಾಲಿಗೆ ಮೇಲೆ ಹಿಡಿದಿಡುವುದು ಕಡಿಮೆ ಎಂಬುದು ವೆಲ್ಷ್ ಭಾಷಿಕರ ಅಧ್ಯಯನದಿಂದ 1980ರಲ್ಲೇ ತಿಳಿದದ್ದು. ಪದಪಟ್ಟಿಗೂ ಇದೇ ಎಚ್ಚರ ಬೇಕು: ಬೆಂಗಳೂರಿನ ‘ಈರುಳ್ಳಿ’ಗೆ ಜೇವರ್ಗಿಯವರು ‘ಉಳ್ಳಾಗಡ್ಡಿ’ ಎಂದು ಉತ್ತರ ಕೊಟ್ಟರೆ ಪರೀಕ್ಷಕ ಅದನ್ನು ತಪ್ಪೆಂದು ಗುರುತು ಹಾಕಬಾರದು. ಒಂದು ನಿಮಿಷದಲ್ಲಿ ಪ್ರಾಣಿಗಳ ಹೆಸರು ಹೇಳುವುದು, ಪರೀಕ್ಷಕ ಮುಟ್ಟಿದ ಕ್ರಮದಲ್ಲೇ ಘನಗಳನ್ನು ಮುಟ್ಟುವುದು, ಹದಿನೈದು ಪದಗಳನ್ನು ಐದು ಸಲ ಕೇಳಿ ಕಲಿಯುವುದು—ಈ ಮೂರೂ ಓದು ಬಾರದವರಿಗೂ ಬಹುಪಾಲು ನಿಭಾಯಿಸಬಲ್ಲಂಥವು. ಕಂಪ್ಯೂಟರಿನ ಗಮನಪರೀಕ್ಷೆ, ಸಂಕೀರ್ಣ ಆಕೃತಿ ನಕಲು ಮಾಡುವುದು ಇಲ್ಲಿ ಕೊನೆಗಿರಲಿ.

ಓದನ್ನು ಸಮಗೊಳಿಸುವುದಕ್ಕೂ ಒಂದು ಬಲೆ ಇದೆ. ಸ್ಕಿಜೋಫ್ರೇನಿಯಾ ಹಲವರಿಗೆ ಹದಿಹರೆಯದ ಕೊನೆಯಲ್ಲೋ ಇಪ್ಪತ್ತರ ಆಸುಪಾಸಿನಲ್ಲೋ ಬರುತ್ತದೆ. ಶಾಲೆ ನಿಂತದ್ದೇ ರೋಗದ ಮೊದಲ ಲಕ್ಷಣವಾಗಿರಬಹುದು. ಅಂಥವರನ್ನು ಅಷ್ಟೇ ಓದಿದ ಆರೋಗ್ಯವಂತರ ಜೊತೆ ಹೋಲಿಸಿದರೆ ರೋಗ ಉಂಟುಮಾಡಿದ ವ್ಯತ್ಯಾಸವೇ ಅಳಿಸಿಹೋಗುತ್ತದೆ. ಅದಕ್ಕೇ ತಂದೆತಾಯಿಯ ಓದು, ಒಡಹುಟ್ಟಿದವರ ಅಂಕ, ಅದೇ ಊರಿನ ನೆರೆಮನೆಯವರು ಹೋಲಿಕೆಗೆ ಹೆಚ್ಚು ವಿಶ್ವಾಸಾರ್ಹ.

ಅಂಕ ತಗ್ಗಿಸುವ ಇತರ ಕಾರಣಗಳನ್ನೂ ಬೇರ್ಪಡಿಸಬೇಕು. ನಡುಕ ನಿಲ್ಲಿಸಲು ಕೊಡುವ ಟ್ರೈಹೆಕ್ಸಿಫೆನಿಡಿಲ್ ನೆನಪನ್ನು ಮಬ್ಬಾಗಿಸುತ್ತದೆ. ಮೋತಿಬಿಂದು, ಮಂದ ಕಿವಿ, ರಕ್ತಹೀನತೆ ಅಳತೆಗೆ ಮೊದಲೇ ತಪಾಸಣೆಯಾಗಬೇಕು. ಜೋಳದ ಊಟದ ಈ ಸೀಮೆಯಲ್ಲಿ ಇನ್ನೊಂದು ಮಾತು ಸೇರಿಸಬೇಕು: ಹೈದರಾಬಾದಿನ ಗೋಪಾಲನ್ ಮತ್ತು ಶ್ರೀಕಂಠಯ್ಯ 1960ರಲ್ಲಿ ಜೋಳದಲ್ಲಿರುವ ಲ್ಯೂಸಿನ್ ಎಂಬ ಅಂಶಕ್ಕೂ ಪೆಲಾಗ್ರಾ ರೋಗಕ್ಕೂ ನಂಟಿರಬಹುದೆಂದು ತೋರಿಸಿದರು. ಪೆಲಾಗ್ರಾ ಚರ್ಮದ ಜೊತೆ ಬುದ್ಧಿಯನ್ನೂ ಕೆಡಿಸುತ್ತದೆ. ಇನ್ನು ಕಾಲದ ಲೆಕ್ಕ: ಮಂಗಳವಾರದ ಮನೋಚೈತನ್ಯ ಎಂಬ ಮಾನಸಿಕ ಆರೋಗ್ಯ ಶಿಬಿರಕ್ಕೆ ತಾಲ್ಲೂಕು ಆಸ್ಪತ್ರೆಗೆ ಬಂದ ಕುಟುಂಬಕ್ಕೆ ಬಸ್ಸಿನ ಹೊತ್ತು ಮುಖ್ಯ, ಮೂರು ಗಂಟೆ ಹಿಡಿಯುವ ಸಂಚಯವಾದರೆ ಅಲ್ಲಿ ಅರ್ಧಕ್ಕೇ ನಿಲ್ಲುತ್ತದೆ.

ಇತ್ತೀಚಿನ ದಾರಿ ಭಾಷೆ, ಸಂಸ್ಕೃತಿಗಳನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳುವುದು. ಇತರರ ಮನಸ್ಸನ್ನು ಊಹಿಸುವ ಸಾಮರ್ಥ್ಯ ಅಳೆಯಲು ನಿಮ್ಹಾನ್ಸ್‌ನ ಉರ್ವಕ್ಷ್ ಮೆಹ್ತಾ, ಜಗದೀಶ ತೀರ್ಥಹಳ್ಳಿ ಮತ್ತಿತರರು 2011ರಲ್ಲಿ ಭಾರತೀಯ ಸನ್ನಿವೇಶಗಳಿಗೆ ಹೊಂದಿಸಿದ ಸಾಕ್ರಟಿಸ್ (SOCRATIS) ಎಂಬ ಮಾಪನ ಪ್ರಕಟಿಸಿದರು. ಮರೆಗುಳಿತನದ ಸಂಶೋಧನೆಗಾಗಿ ಐಸಿಎಂಆರ್ ಕನ್ನಡ, ತೆಲುಗು, ಹಿಂದಿ, ಬಂಗಾಳಿ, ಮಲಯಾಳಂಗಳಲ್ಲಿ ಸಮಾನ ಪರೀಕ್ಷಾಗುಚ್ಛ ರೂಪಿಸಿದೆ. ಸ್ಕಿಜೋಫ್ರೇನಿಯಾ ಸಂಶೋಧಕರು ಇದರಿಂದ ಎರವಲು ಪಡೆಯಬಹುದು, ಆದರೆ ಅದು ಎಳೆಯ ರೋಗಿಗಳಿಗೆ ತೀರ ಸುಲಭವಾಗುವ ಸಾಧ್ಯತೆಯನ್ನು ಮೊದಲು ಪರೀಕ್ಷಿಸಿಕೊಳ್ಳಬೇಕು. ಚಿಕಿತ್ಸೆಯ ಮೊದಲು ಮತ್ತು ನಂತರ ಅಳೆಯುವ ಅಧ್ಯಯನಕ್ಕಂತೂ ಸಮಾನ ಕಷ್ಟದ ಎರಡು ಪದಪಟ್ಟಿಗಳು, ಎರಡೂ ಕಲಬುರಗಿ ಸೀಮೆಯ ಮಾತಿನಲ್ಲಿ ಮೊದಲೇ ಪರಿಶೀಲನೆಯಾದವು, ಕೈಯಲ್ಲಿರಬೇಕು.