ಗಣಕಯಂತ್ರಕ್ಕೆ ಬೀಗ ಬಂದ ಕಥೆ

ಮನೆಯಲ್ಲಿ ಗಣಕಯಂತ್ರವನ್ನು ಇಟ್ಟುಕೊಂಡವರಿಗೆ ಉಪದೇಶ ಹೇಳುವವರ ಕೊರತೆಯಿಲ್ಲ. ಗುಪ್ತಪದವನ್ನು ಬದಲಿಸುತ್ತಿರಿ, ಅಪ್‌ಡೇಟ್ ಹಾಕಿಸಿ, ಬೇಡದ ಕಡತಗಳನ್ನು ಅಳಿಸಿ, ಇಲ್ಲವಾದರೆ ಯಂತ್ರ ನಿಧಾನವಾದೀತು, ಕಳ್ಳರು ನುಗ್ಗಿಯಾರು ಎಂದು ಮೊಮ್ಮಕ್ಕಳಿಂದ ಹಿಡಿದು ಬ್ಯಾಂಕಿನವರ ತನಕ ಎಲ್ಲರೂ ಹೇಳುತ್ತಾರೆ. ಏಕೆ ಎಂದು ಕೇಳಿದರೆ ಉತ್ತರ ದೊರೆಯುವುದು ಅಪರೂಪ. ನಾನು ಕನ್ನಡ ಸಾಹಿತ್ಯವನ್ನು ಓದಿ, ಅದನ್ನೇ ಪಾಠ ಹೇಳಿ ನಿವೃತ್ತನಾದವನು. ಯಂತ್ರಶಾಸ್ತ್ರ ನನ್ನ ವಿಷಯವಲ್ಲ. ಆದರೆ ಒಂದು ಆಚಾರ ಯಾವ ಕಾಲದಲ್ಲಿ, ಯಾವ ನಿಮಿತ್ತದಿಂದ ಹುಟ್ಟಿತೆಂದು ಶೋಧಿಸುವುದು ನಮ್ಮ ಕಸುಬಿನ ಅಭ್ಯಾಸ. ಹಾಗೆ ಶೋಧಿಸಿದಾಗ, ಈ ಉಪದೇಶಗಳಲ್ಲಿ ಕೆಲವಕ್ಕೆ ಇಂದಿಗೂ ಜೀವವಿದೆ, ಕೆಲವು ಮಾತ್ರ ಕಾರಣ ಸತ್ತ ಮೇಲೂ ಉಳಿದುಕೊಂಡ ಮಡಿಯಂತಿವೆ ಎಂದು ಕಂಡಿತು.

ಮೊದಲು ಮನೆಗಣಕ ಹುಟ್ಟುವುದಕ್ಕೂ ಹಿಂದಿನ ಕಾಲಕ್ಕೆ ಹೋಗಬೇಕು. ಅಂದಿನ ಗಣಕ ದೊಡ್ಡದೊಂದು ಕೋಣೆಯನ್ನೇ ತುಂಬುತ್ತಿತ್ತು. ಬೆಲೆ ಸಂಸ್ಥೆಗಳಿಗೆ ಮಾತ್ರ ಎಟಕುವಂಥದು. 1961ರ ನವೆಂಬರಿನಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು ಒಂದೇ ಗಣಕವನ್ನು ಹಲವರು ಏಕಕಾಲಕ್ಕೆ ಬಳಸುವ ವಿಧಾನವನ್ನು ಪ್ರದರ್ಶಿಸಿದರು. ಇದನ್ನು ನಮ್ಮ ಹಳೆಯ ಊರುಗಳ ವಠಾರಕ್ಕೆ ಹೋಲಿಸಬಹುದು. ಬಾವಿ ಒಂದೇ, ಅಂಗಳ ಒಂದೇ. ಆದರೆ ಪ್ರತಿ ಸಂಸಾರದ ಕೋಣೆಗೂ ಬೇರೆ ಬೀಗ. ಅವರವರ ಕಡತ ಅವರವರಿಗೇ ಇರಲೆಂದು ಪ್ರತಿಯೊಬ್ಬರಿಗೂ ಒಂದು ಗುಪ್ತಪದ, ಅಂದರೆ ಇಂದು ಎಲ್ಲರೂ ಪಾಸ್‌ವರ್ಡ್ ಎನ್ನುವುದು, ಏರ್ಪಾಟಾಯಿತು.

ಬೀಗದ ಬೆನ್ನಿಗೇ ಕಳ್ಳಕೀಲಿಯೂ ಬಂತು. ಅಲನ್ ಶೆರ್ ಎಂಬ ಸಂಶೋಧಕರಿಗೆ ವಾರಕ್ಕೆ ನಾಲ್ಕು ಗಂಟೆಗಳಷ್ಟು ಯಂತ್ರಕಾಲ ಸಿಗುತ್ತಿತ್ತು. ಅವರ ಪ್ರಬಂಧದ ಕೆಲಸಕ್ಕೆ ಅದು ಸಾಲದು. 1962ರಲ್ಲಿ ಒಂದು ಶುಕ್ರವಾರ ರಾತ್ರಿ ಅವರು ಗುಪ್ತಪದಗಳ ಕಡತವನ್ನು ಮುದ್ರಿಸಿಕೊಡಬೇಕೆಂದು ಯಂತ್ರಕ್ಕೇ ಕೋರಿಕೆ ಸಲ್ಲಿಸಿದರು. ಶನಿವಾರ ಬೆಳಗ್ಗೆ ಹೋಗಿ ಪಟ್ಟಿಯನ್ನು ತೆಗೆದುಕೊಂಡು ಬಂದರು. ಅಷ್ಟೆ! ಬಹುಕಾಲದ ಮೇಲೆ ಇದನ್ನು ಅವರೇ ಹೇಳಿಕೊಂಡರು. 1966ರಲ್ಲಿ ಇನ್ನೊಂದು ವಿನೋದ ನಡೆಯಿತು. ಅದೇ ವ್ಯವಸ್ಥೆಯಲ್ಲಿ ದಿನದ ಸೂಚನೆಯ ಕಡತವೂ ಗುಪ್ತಪದಗಳ ಕಡತವೂ ಅದಲುಬದಲಾಗಿ, ಯಂತ್ರದ ಮುಂದೆ ಬಂದು ಕುಳಿತವರಿಗೆಲ್ಲ ಸ್ವಾಗತವಚನದ ಬದಲು ಎಲ್ಲರ ಗುಪ್ತಪದಗಳ ಪಟ್ಟಿಯೇ ಕಾಣಿಸಿತು.

ಬೀಗ ಗಟ್ಟಿಯಾದರೂ ಕೀಲಿ ದುರ್ಬಲವಾಗಿರಬಹುದು. 1979ರಲ್ಲಿ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ ಎಂಬಿಬ್ಬರು 3,289 ಗುಪ್ತಪದಗಳನ್ನು ಪರೀಕ್ಷಿಸಿ ನೋಡಿದರು. ಒಂದೇ ಅಕ್ಷರದವು, ಎರಡಕ್ಷರದವು, ನಿಘಂಟಿನಲ್ಲೇ ಸಿಗುವ ಪದಗಳು, ಹೆಸರುಗಳು ಹೀಗೆ ಸುಲಭವಾಗಿ ಊಹಿಸಬಹುದಾದವೇ 2,831. ಎಂದರೆ ನೂರಕ್ಕೆ 86. ವಿಧಿಯ ಚೇಷ್ಟೆಯನ್ನು ನೋಡಿ: 1988ರ ನವೆಂಬರಿನಲ್ಲಿ ಈ ಮಾರಿಸರ ಮಗನೇ, ಅವರ ಹೆಸರನ್ನೇ ಹೊತ್ತ ವಿದ್ಯಾರ್ಥಿ, ಅಂತರಜಾಲಕ್ಕೆ ಬಿಟ್ಟ ಹುಳುವೊಂದು ಸಾವಿರಾರು ಗಣಕಗಳನ್ನು ಸ್ತಬ್ಧಗೊಳಿಸಿತು. ಆ ಹುಳುವಿನ ಹೊಟ್ಟೆಯಲ್ಲಿ ಜನ ಇಟ್ಟುಕೊಳ್ಳಬಹುದಾದ ಗುಪ್ತಪದಗಳ ಪಟ್ಟಿಯೂ ಇತ್ತು. ತಂದೆ ತೋರಿಸಿದ ದೌರ್ಬಲ್ಯದ ದಾರಿಯಲ್ಲಿ ಮಗನ ಹುಳು ನಡೆಯಿತು.

ಇದೆಲ್ಲ ವಠಾರದ ಕಥೆ. ಮನೆಗಣಕದ್ದು ಬೇರೆ. 1975ರ ಜನವರಿಯಲ್ಲಿ ಒಂದು ಅಮೆರಿಕನ್ ಮಾಸಪತ್ರಿಕೆಯ ಮುಖಪುಟದಲ್ಲಿ ಆಲ್ಟೇರ್ 8800 ಎಂಬ ಪುಟ್ಟ ಗಣಕ ಕಾಣಿಸಿಕೊಂಡಿತು; ಕೊಂಡವರು ತಾವೇ ಜೋಡಿಸಿಕೊಳ್ಳಬೇಕು. ಅದರ ಸ್ಮೃತಿ 256 ಬೈಟು. ಇಂದಿನ ಲಿಪಿಕ್ರಮದಲ್ಲಿ ಬರೆದರೆ ನಮ್ಮ ಒಂದು ಕಂದಪದ್ಯಕ್ಕೂ ಅದರಲ್ಲಿ ಜಾಗ ಸಾಲದು. 1977ರಲ್ಲಿ ಆಪಲ್ ಕಂಪನಿಯ ಎರಡನೆಯ ಯಂತ್ರ, 1981ರ ಆಗಸ್ಟಿನಲ್ಲಿ ಐಬಿಎಂ ಕಂಪನಿಯ ಪರ್ಸನಲ್ ಕಂಪ್ಯೂಟರ್ ಬಂದವು. ವಠಾರವನ್ನು ಬಿಟ್ಟು ಸ್ವಂತ ಮನೆಗೆ ಹೋದ ಸಂಭ್ರಮ ಅದು. ಒಬ್ಬನೇ ಯಜಮಾನ, ಅವನ ಮೇಜಿನ ಮೇಲೆ ಅವನ ಯಂತ್ರ, ಇನ್ನು ಬೀಗವೇಕೆ? ಆ ಯಂತ್ರವನ್ನು ನಡೆಸುತ್ತಿದ್ದ ಡಾಸ್ ಎಂಬ ವ್ಯವಸ್ಥೆಯಲ್ಲಿ ಬಳಸುವವನ ಹೆಸರಿಗಾಗಲಿ ಗುಪ್ತಪದಕ್ಕಾಗಲಿ ಸ್ಥಾನವೇ ಇರಲಿಲ್ಲ. ನನ್ನ ದೃಷ್ಟಿಯಲ್ಲಿ ಮುಂದಿನ ಇಪ್ಪತ್ತು ವರ್ಷಗಳ ಸಂಕಟಗಳಿಗೆ ಮೂಲ ಇಲ್ಲಿದೆ. ಬಾಗಿಲಿಲ್ಲದೆ ಕಟ್ಟಿದ ಮನೆ ಅದು. ಒಂಟಿಮನೆಯಾಗಿ ಇದ್ದಷ್ಟು ದಿನ ಅದರಿಂದ ಬಾಧಕವಿರಲಿಲ್ಲ.

ಮೊದಲ ಅತಿಥಿ ಫ್ಲಾಪಿಯಲ್ಲಿ ಬಂದ. 1986ರಲ್ಲಿ ಲಾಹೋರಿನ ಬಾಸಿತ್ ಮತ್ತು ಅಮ್ಜದ್ ಎಂಬ ಸಹೋದರರು ಬರೆದ ‘ಬ್ರೇನ್’ ಎಂಬ ವೈರಸ್ ಫ್ಲಾಪಿಯಿಂದ ಫ್ಲಾಪಿಗೆ ಹತ್ತುತ್ತಾ ದೇಶಾಂತರಗಳನ್ನು ಸುತ್ತಿತು. ತಾವು ರಚಿಸಿದ ವೈದ್ಯಕೀಯ ತಂತ್ರಾಂಶವನ್ನು ಕದ್ದು ನಕಲು ಮಾಡುವವರನ್ನು ಹಿಡಿಯಲು ಹೀಗೆ ಮಾಡಿದೆವು ಎಂದು ಅವರ ವಾದ. ಅದರೊಳಗೆ ತಮ್ಮ ಹೆಸರು, ವಿಳಾಸ, ದೂರವಾಣಿ ಸಂಖ್ಯೆಗಳನ್ನು ಅವರು ಬರೆದಿಟ್ಟಿದ್ದರು! ಮುಂದಿನ ಕಳ್ಳರಲ್ಲಿ ಈ ಮರ್ಯಾದೆಯನ್ನು ಕಾಣೆವು.

1995ರ ಆಗಸ್ಟ್ 15ರಂದು ನಮ್ಮ ದೇಶದ ಸಾಮಾನ್ಯ ಜನರಿಗೆ ಅಂತರಜಾಲ ತೆರೆಯಿತು. ಒಂಬತ್ತು ದಿನಗಳ ಮೇಲೆ, 24ರಂದು, ಮೈಕ್ರೋಸಾಫ್ಟ್ ಕಂಪನಿಯ ವಿಂಡೋಸ್ 95 ಬಿಡುಗಡೆಯಾಯಿತು. ಅದು ಗುಪ್ತಪದವನ್ನೇನೋ ಕೇಳುತ್ತಿತ್ತು. ಕೀಲಿಮಣೆಯ ಮೂಲೆಯಲ್ಲಿರುವ ಎಸ್ಕೇಪ್ ಗುಂಡಿಯನ್ನು ಒತ್ತಿದರೆ ಕೇಳದೆಯೇ ಒಳಗೆ ಬಿಡುತ್ತಿತ್ತು. ಒಂಟಿಮನೆ ಈಗ ಹೆದ್ದಾರಿಯ ಮಗ್ಗುಲಿಗೆ ಬಂದಿತ್ತು, ಬಾಗಿಲ ಜಾಗದಲ್ಲಿ ಪರದೆ ಮಾತ್ರ ತೂಗುತ್ತಿತ್ತು.

ಪರದೆಯ ಬೆಲೆ ತಿಳಿದದ್ದು 2003ರ ಆಗಸ್ಟ್ 11ರಂದು. ಅಂದು ಹೊರಟ ‘ಬ್ಲಾಸ್ಟರ್’ ಎಂಬ ಹುಳು, ಯಜಮಾನ ಏನನ್ನೂ ತೆರೆಯದಿದ್ದರೂ, ಯಂತ್ರ ಜಾಲಕ್ಕೆ ಸೇರಿದ್ದರೆ ಸಾಕು, ಒಳಗೆ ಹೊಕ್ಕಿತು. ಆಶ್ಚರ್ಯದ ಸಂಗತಿಯೆಂದರೆ, ಆ ರಂಧ್ರವನ್ನು ಮುಚ್ಚುವ ತೇಪೆಯನ್ನು ಕಂಪನಿ ಜುಲೈ 16ರಂದೇ ಹೊರಡಿಸಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ವಿಂಡೋಸ್ ಎಕ್ಸ್‌ಪಿಯಲ್ಲಿ ಒಂದು ರಕ್ಷಣೆಯ ಗೋಡೆಯೂ ಇತ್ತು, ಆದರೆ ಅದನ್ನು ಯಜಮಾನನೇ ಹುಡುಕಿ ಎಬ್ಬಿಸಬೇಕಾಗಿತ್ತು. 2004ರ ಆಗಸ್ಟಿನ ಪರಿಷ್ಕರಣದಲ್ಲಿ ಅದು ತಾನಾಗಿಯೇ ಎದ್ದು ನಿಲ್ಲುವಂತೆ ಮಾಡಿದರು. ಮನೆಯಲ್ಲಿ ದಿನದ ಕೆಲಸಕ್ಕೆ ಒಂದು ಸಾಮಾನ್ಯ ಖಾತೆ, ಯಂತ್ರವನ್ನು ತಿದ್ದುವುದಕ್ಕೆ ಬೇರೊಂದು ಯಜಮಾನ ಖಾತೆ ಇರಲಿ ಎಂಬ ಬುದ್ಧಿವಾದವೂ ವಠಾರದ ಹಳೆಯ ಪಾಠವೇ. ಮನೆಗೆ ಅದು ತಡವಾಗಿ ಬಂತು.

2017ರ ಮೇ 12ರಂದು ‘ವನ್ನಾಕ್ರೈ’ ಎಂಬುದು ಬಂದಾಗಲೂ ಚರಿತ್ರೆ ಮರುಕಳಿಸಿತು. ತೇಪೆ ಮಾರ್ಚ್ 14ರಂದೇ ಬಂದಿತ್ತು. ಇದು ಕಡತಗಳನ್ನೆಲ್ಲ ಗೂಢಲಿಪಿಗೆ ತಿರುಗಿಸಿ, ಬಿಡಿಸಲು 300 ಡಾಲರ್ ಕೇಳಿತು. ಇದೇ ಜಾತಿಯ ಇನ್ನೊಂದು ಪಿಡುಗಿನಲ್ಲಿ ನನ್ನ ಸಹೋದ್ಯೋಗಿ ಮಿತ್ರರೊಬ್ಬರು ಮೂವತ್ತು ವರ್ಷ ಹಳ್ಳಿಹಳ್ಳಿ ತಿರುಗಿ ಕೂಡಿಸಿದ ಗಾದೆಗಳನ್ನು ಕಳೆದುಕೊಂಡರು. ಚೀಟಿಗಳಿಂದ ಗಣಕಕ್ಕೆ ಏರಿಸಿಯಾದ ಮೇಲೆ ಚೀಟಿಗಳನ್ನು ರದ್ದಿಗೆ ಹಾಕಿದ್ದರು. ಹೇಳಿದ ಮುದುಕಿಯರು ಈಗಿಲ್ಲ. ಮತ್ತೆ ಹೋಗಿ ಕೇಳುವಂತಿಲ್ಲ. ಗುಪ್ತಪದ ಅವರಲ್ಲೂ ಗಟ್ಟಿಯಾಗಿಯೇ ಇತ್ತು. ಇಲ್ಲದೆ ಹೋದದ್ದು ಇನ್ನೊಂದು ಪ್ರತಿ.

ಪ್ರತಿಯ ಬೆಲೆಯನ್ನು ನಮ್ಮ ನಾಡಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೂಡಬಿದಿರೆಯ ಬಸದಿಯಲ್ಲಿ ಧವಲಾ ಮೊದಲಾದ ಸಿದ್ಧಾಂತ ಗ್ರಂಥಗಳ ತಾಳೆಯೋಲೆಗಳು ಶತಮಾನಗಳ ಕಾಲ ಬಲು ಭದ್ರವಾಗಿದ್ದವು. ಬೀಗ ಕಳ್ಳನನ್ನು ತಡೆಯಿತು, ಹುಳುವನ್ನು ತಡೆಯಲಿಲ್ಲ. ಪ್ರತಿ ತೆಗೆಯುವ ಹೊತ್ತಿಗೆ ಕೆಲವು ಗರಿಗಳು ಕೆಟ್ಟಿದ್ದವು. ಪ್ರತಿಯಾದದ್ದರಿಂದಲೇ 1939ರಲ್ಲಿ ಧವಲಾದ ಮೊದಲ ಸಂಪುಟ ಅಚ್ಚಾಗಿ ಲೋಕಕ್ಕೆ ದಕ್ಕಿತು. ಮನೆಗಣಕದಲ್ಲೂ ಬೆಲೆಬಾಳುವ ಕಡತಗಳ ಒಂದು ನಕಲನ್ನು ಯಂತ್ರದಿಂದ ಬಿಡಿಸಿಟ್ಟ ಬೇರೆ ಡಿಸ್ಕಿನಲ್ಲಿ, ಸಾಧ್ಯವಾದರೆ ಇನ್ನೊಂದನ್ನು ಬೇರೆ ಮನೆಯಲ್ಲಿ ಇಡಬೇಕು. ಸದಾ ತಗುಲಿಸಿಟ್ಟ ನಕಲು ಮೂಲದ ಜೊತೆಗೇ ಹಾಳಾಗುತ್ತದೆ.

ಇನ್ನು ಸತ್ತ ಆಚಾರಗಳು. ಗುಪ್ತಪದವನ್ನು ತೊಂಬತ್ತು ದಿನಗಳಿಗೊಮ್ಮೆ ಬದಲಿಸಬೇಕು, ಅದರಲ್ಲಿ ಅಂಕೆ ಚಿಹ್ನೆಗಳನ್ನು ತುರುಕಬೇಕು ಎಂಬ ವಿಧಿಯನ್ನು ಜಗತ್ತಿಗೆ ಹರಡಿದ್ದು ಒಂದು ಅಮೆರಿಕನ್ ಸರಕಾರಿ ಕೈಪಿಡಿ. ಅದನ್ನು ಬರೆದ ಬಿಲ್ ಬರ್ ಅವರೇ 2017ರಲ್ಲಿ ಅದಕ್ಕಾಗಿ ವಿಷಾದಪಟ್ಟರು. ಅದೇ ವರ್ಷ ಕೈಪಿಡಿಯನ್ನು ತಿದ್ದಿ, ಕಾರಣವಿಲ್ಲದೆ ಬದಲಿಸುವುದು ಬೇಡ, ಪದ ಉದ್ದವಾಗಿರಲಿ ಎಂದರು. ಪದೇ ಪದೇ ಬದಲಿಸು ಎಂದರೆ ಮನುಷ್ಯ ಕೊನೆಯ ಅಂಕಿಯನ್ನು ಒಂದರಿಂದ ಎರಡು ಮಾಡುತ್ತಾನೆ, ಅಷ್ಟೆ. ಸಂಬಂಧವಿಲ್ಲದ ನಾಲ್ಕು ಪದಗಳನ್ನು ಜೋಡಿಸಿದ ಕೀಲಿ ನೆನಪಿಗೂ ಸುಲಭ, ಊಹೆಗೂ ನಿಲುಕದು.

ವೇಗದ ವಿಷಯವೂ ಹೀಗೆಯೇ. ಡಿಸ್ಕಿನ ಚೂರುಗಳನ್ನು ಒಟ್ಟುಗೂಡಿಸುವ ಕ್ರಮಕ್ಕೆ ತಿರುಗುವ ತಟ್ಟೆಯ ಕಾಲದಲ್ಲಿ ಅರ್ಥವಿತ್ತು. ಓದುವ ಮುಳ್ಳು ಅಲ್ಲಿಂದಿಲ್ಲಿಗೆ ಓಡಾಡಬೇಕಾಗಿತ್ತು. ಇಂದಿನ ತಟ್ಟೆಯಿಲ್ಲದ ಎಸ್‌ಎಸ್‌ಡಿಗಳಿಗೆ ಅದು ವೃಥಾ ಸವೆತ. ಯಂತ್ರ ಏಳುವಾಗಲೇ ಜೊತೆಗೆ ಏಳುವ ಕರೆಯದ ತಂತ್ರಾಂಶಗಳನ್ನು ಮಲಗಿಸುವುದು ಹೆಚ್ಚು ಫಲಕಾರಿ.

ಕನ್ನಡಿಗರಿಗೆ ಮಾತ್ರ ಸಂಬಂಧಿಸಿದ ಒಂದು ಮಾತು ಉಳಿಯಿತು. ಯಂತ್ರವನ್ನು ತನ್ನ ನುಡಿಗೆ ಒಗ್ಗಿಸಿಕೊಳ್ಳುವುದೂ ಅದನ್ನು ತನ್ನದಾಗಿಸಿಕೊಳ್ಳುವ ರೀತಿಯೇ. 1991ರ ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಸ್ಥಾನ ಸಿಕ್ಕಿತ್ತಾದರೂ ವಿಂಡೋಸ್ ಅದನ್ನು ತೋರಿಸಿದ್ದು 2001ರ ಎಕ್ಸ್‌ಪಿಯಿಂದ. ನಡುವಿನ ವರ್ಷಗಳಲ್ಲಿ ನಾವೆಲ್ಲ ಬೇರೆ ಬೇರೆ ಅಕ್ಷರಶೈಲಿಗಳಲ್ಲಿ, ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡವನ್ನು ಕೂರಿಸಿ, ಬೆರಳಚ್ಚು ಮಾಡಿದೆವು. ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ಅಂಥ ಕಡತವನ್ನು ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಕಾಣುತ್ತದೆ. ಯಾವ ಕಳ್ಳನೂ ಹಾಕದ ಬೀಗ ಇದು. ಪರಿವರ್ತಕ ತಂತ್ರಾಂಶಗಳಿವೆ, ಒತ್ತಕ್ಷರ, ಅರ್ಕಾವತ್ತುಗಳಲ್ಲಿ ಅವು ಎಡವುವುದುಂಟು. 1998ರಿಂದ ಬೆರಳಚ್ಚು ಮಾಡಿದ ನನ್ನ ಪಾಠದ ಟಿಪ್ಪಣಿಗಳನ್ನು ಯೂನಿಕೋಡಿಗೆ ತಿರುಗಿಸಿ, ಸಾಲು ಸಾಲಾಗಿ ತಿದ್ದುತ್ತಿದ್ದೇನೆ. ಪಂಪನ ಭಾಗ ಮುಗಿದಿದೆ. ರನ್ನ, ಜನ್ನರು ಇನ್ನೂ ಹಳೆಯ ಬೀಗದೊಳಗೇ ಇದ್ದಾರೆ.